ಹಂಝ ಮತ್ತು ಶುಕ್ರವಾರದ ಬಂಗುಡೆ

ನನ್ನ ಗಂಡ ಹಂಝ ಎಲ್ಲರನ್ನೂ ಅನುಮಾನಿಸುತ್ತಾರೆ. ಗೋದಾಮಿನ ಸೂಪರ್‌ವೈಸರನ್ನು, ಡಾಕ್ಟರನ್ನು, ನಾನು ಚಹಾಕ್ಕೆ ಹಾಕಿದ ಸಕ್ಕರೆಯನ್ನು. ಮೀನನ್ನು ಮಾತ್ರ ಇಲ್ಲ. ಉಳ್ಳಾಲದಲ್ಲಿ ಹುಟ್ಟಿ, ಹದಿನೆಂಟು ವರ್ಷದಿಂದ ಸೌದಿಯ ಜಿದ್ದಾದ ಅಜೀಜಿಯಾದಲ್ಲಿರುವ ಈ ಮನುಷ್ಯನ ಜೊತೆ ಬದುಕಿ ನನಗೆ ಸಾಕುಸಾಕಾಗಿದೆ.

ಕಳೆದ ವರ್ಷ ಅವರಿಗೆ ಕ್ಷಯ ಬಂತು. ಆರು ತಿಂಗಳ ಮಾತ್ರೆ, ಒಂದು ದಿನವೂ ತಪ್ಪಿಸಬಾರದು ಎಂದರು ಡಾಕ್ಟರು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಸಡಿಲಾಗಿದ್ದ ಪ್ಯಾಂಟು ಸೊಂಟಕ್ಕೆ ಸರಿಯಾಯಿತು. ಬಾಯಿರುಚಿಯಿಲ್ಲದೆ ಬಿಟ್ಟಿದ್ದ ಮೀನನ್ನೂ ಮತ್ತೆ ಶುರುಮಾಡಿದರು.

ಶುಕ್ರವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಂಗುಡೆ ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟು, ಅಲ್ಲಿಂದಲೇ ಮಸೀದಿಗೆ ಹೋಗಿ, ನಮಾಜು ಮುಗಿಸಿ ಊರಿನವರ ಜೊತೆ ಹರಟೆ ಹೊಡೆದು ಮನೆಗೆ ಬರುವುದು ಇವರ ಹಳೆಯ ರೂಢಿ. ಈ ಊರಿನ ಬಿಸಿಲಿನಲ್ಲಿ! ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಮತ್ತೆ ಮೀನು ತಂದ ಮೊದಲ ಶುಕ್ರವಾರ, ಉಂಡ ಅರ್ಧ ಗಂಟೆಯಲ್ಲಿ ಇವರ ಮುಖ ಕೆಂಪಾಯಿತು, ಎದೆ ಡವಡವ, ಮೈಯೆಲ್ಲ ತುರಿಕೆ. ನಾನೂ ಮಗಳು ಫಾಇಝಾಳೂ ಅದೇ ಸಾರು ಉಂಡಿದ್ದೆವು, ನಮಗೇನೂ ಆಗಲಿಲ್ಲ.

"ಮೀನು ಸರಿ ಉಂಟು. ಆ ಮಾತ್ರೆಯೇ ವಿಷ" ಎಂದು ತೀರ್ಪು ಕೊಟ್ಟರು. ಡಾಕ್ಟರಿಗೆ ಹೇಳಿ ಎಂದೆ. ಹೇಳಿದೆ ಎಂದರು. ಮುಂದಿನ ಶುಕ್ರವಾರಗಳಲ್ಲಿ ತುರಿಕೆ ಬರಲಿಲ್ಲ. ನಾನು ಪೆದ್ದಿ, ಎಲ್ಲ ಸರಿಹೋಯಿತು ಎಂದುಕೊಂಡೆ.

ಎಂತ ಸರಿಹೋಗುವುದು, ಮಾತ್ರೆಯನ್ನೇ ಬಿಟ್ಟಿದ್ದರು. ದಿನಾ ನನ್ನೆದುರು ಬಾಯಿಗೆ ಹಾಕಿಕೊಂಡು, ನಾಲಗೆಯಡಿ ಇಟ್ಟು, ಬಾತ್‌ರೂಮಿನಲ್ಲಿ ಉಗುಳುತ್ತಿದ್ದರಂತೆ. ಎರಡು ತಿಂಗಳ ಮೇಲೆ ಕೆಮ್ಮು ಮರಳಿ ಬಂದಾಗಲೇ ಬಾಯಿಬಿಟ್ಟದ್ದು.

ಡಾಕ್ಟರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹಿಸ್ಟಮಿನ್ ಎನ್ನುವುದನ್ನು ನಮ್ಮ ಮೈಯೇ ತಯಾರಿಸುತ್ತದಂತೆ. ಸೊಳ್ಳೆ ಕಚ್ಚಿದಲ್ಲಿ ಉಬ್ಬಿ ತುರಿಸುವುದು ಅದರಿಂದಲೇ. ಬಂಗುಡೆಯಂಥ ಮೀನು ಸೆಕೆಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದರಲ್ಲೂ ಹಿಸ್ಟಮಿನ್ ಮಾಡುತ್ತವೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಸ್ವಲ್ಪವಿದ್ದರೆ ಕರುಳಿನ ಕಿಣ್ವವೊಂದು ಒಡೆದುಹಾಕುತ್ತದೆ. ನಾನು, ಮಗಳು ಪಾರಾದದ್ದು ಹಾಗೆ. ಕ್ಷಯದ ಮಾತ್ರೆಗಳಲ್ಲಿ ಒಂದು ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಬಿಡಬೇಕಾದದ್ದು ಆ ಮೀನನ್ನು, ಮಾತ್ರೆಯನ್ನಲ್ಲ. ಒಂದು ಮಾತು ಕೇಳಿದ್ದರೆ ಆವತ್ತೇ ಮುಗಿಯುತ್ತಿತ್ತು.

ಚಿಕಿತ್ಸೆ ಮತ್ತೆ ಮೊದಲಿನಿಂದ. ಮನೆಯವರಿಗೂ ಪರೀಕ್ಷೆ. ಕಳೆದ ವರ್ಷದ ಪರೀಕ್ಷೆಯಲ್ಲಿ ನಮ್ಮಿಬ್ಬರಲ್ಲೂ ಏನೂ ಇರಲಿಲ್ಲ. ಈ ಸಲವೂ ನನಗಿರಲಿಲ್ಲ. ಫಾಇಝಾಳ ಮೈಗೆ ರೋಗಾಣು ಸೇರಿಬಿಟ್ಟಿತ್ತು. ಇನ್ನೂ ರೋಗವಾಗಿಲ್ಲ, ಆಗದಂತೆ ತಿಂಗಳುಗಟ್ಟಲೆ ಅದೇ ಮಾತ್ರೆ ನುಂಗಬೇಕು. ಒಂಬತ್ತು ವರ್ಷದ ಹುಡುಗಿ. ಇವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸುತ್ತಾ ಬಂದೆ.

ಮನೆಗೆ ಬಂದು ಮೊದಲ ಮಾತ್ರೆ ಕೈಯಲ್ಲಿ ಹಿಡಿದ ಮಗಳು ಕೇಳಿದಳು: "ಬಾಪ, ನಂಗೆ ಇದು ಎಲ್ಲಿಂದ ಬಂತು? ಸ್ಕೂಲಿಂದಲಾ?"

ಹೌದೆಂದುಬಿಡುತ್ತಾರೆ ಎಂದು ನಾನು ಕಾದೆ. ಅವರು ನನ್ನ ಮುಖ ನೋಡಲಿಲ್ಲ.

"ಅಲ್ಲ ಮಗಾ. ನನ್ನಿಂದ ಬಂತು."

ಸಿಟ್ಟು ಇವತ್ತಿಗೂ ಇಳಿದಿಲ್ಲ. ಆವತ್ತು ಮಾತ್ರ ಬೈಯಲು ಬಾಯಿ ಬರಲಿಲ್ಲ.