ರಬ್ಬರ್ ತೋಟದ ಗುಮಾಸ್ತರ ವರದಿ

ಪೆಟಾಲಿಂಗ್ ಜಯಾದಲ್ಲಿ ನಮ್ಮ ಎದುರು ಮನೆಯ ತಮಿಳು ಅಜ್ಜಿಗೆ ತೊಂಬತ್ತು ದಾಟಿದೆ. ಅಕ್ಷರ ಕಾಣುವುದಿಲ್ಲ. ಅವರ ತಮಿಳಿಗೆ ನನ್ನ ಕನ್ನಡ ಸೇರಿ ಸೇರಿ ಈಗ ಇಬ್ಬರದೂ ಒಂದೇ ಕಲಬೆರಕೆ ಭಾಷೆ, ಮಾತಿನ ಕೊನೆಗೆ ಇಲ್ಲಿನವರ 'ಲಾ' ಬೇರೆ. ನಾನು ಉಡುಪಿಯಿಂದ ಈ ದೇಶಕ್ಕೆ ಬಂದವಳು. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಎಕ್ಸ್‌ರೇ, ಸ್ಕ್ಯಾನ್‌ಗಳ ವರದಿ ಬರೆಯುವುದನ್ನು ಕಲಿಸುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಅಜ್ಜಿ ನನ್ನನ್ನು ಕರೆದು, ದಿಂಬಿನ ಕೆಳಗಿನಿಂದ ಒಂದು ಲಕೋಟೆ ತೆಗೆದರು. ಅವರ ಅಪ್ಪ ಈ ದೇಶದ ಉತ್ತರದ ಒಂದು ರಬ್ಬರ್ ತೋಟದಲ್ಲಿ ಗುಮಾಸ್ತರಾಗಿದ್ದವರು. ಯುದ್ಧದಲ್ಲಿ ಜಪಾನಿ ಸೈನ್ಯ ಇಳಿದು ಬಂದಾಗ, ರಸ್ತೆಯಲ್ಲಿ ಕಂಡು ಕೇಳಿದ್ದನ್ನು ಬ್ರಿಟಿಷ್ ಗುಪ್ತಚರ ಅಧಿಕಾರಿಗೆ ತಿಳಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಟ್ಯಾಂಕುಗಳು ಬರುತ್ತಿವೆ ಎಂಬ ಸುದ್ದಿಗೆ ಸೇತುವೆ ಕಾಯುತ್ತಿದ್ದ ಪಡೆ ಜಾಗ ಖಾಲಿ ಮಾಡಿತು. ಬಂದದ್ದು ಮಾತ್ರ ಸೈಕಲ್ಲುಗಳು. ಟೈರು ಹರಿದು, ಬರೀ ರಿಮ್ಮಿನ ಮೇಲೆ ಗಡಗಡ ಸದ್ದು ಮಾಡುತ್ತ ಬಂದ ನೂರಾರು ಸೈಕಲ್ಲುಗಳು. ಸುಳ್ಳು ಸುದ್ದಿ ಕೊಟ್ಟರೆಂದು ಊರವರೆಲ್ಲ ಗುಮಾಸ್ತರನ್ನೇ ದೂರಿದರು. ಸಾಯುವವರೆಗೂ ಅವರು ಆ ಮಾತೆತ್ತಲಿಲ್ಲ.

ಈಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಜ್ಜಿಯ ಮೊಮ್ಮಗ ವಿದೇಶದ ದಾಖಲೆ ಸಂಗ್ರಹಕ್ಕೆ ಬರೆದು ಅಂದಿನ ಗುಪ್ತಚರ ವರದಿಯ ಪ್ರತಿ ತರಿಸಿದ್ದ. ಲಕೋಟೆ ಒಡೆಯಲು ಅಜ್ಜಿ ಅವನಿಗೆ ಬಿಟ್ಟಿರಲಿಲ್ಲ.

"ಅಪ್ಪನ ತಪ್ಪಿದ್ರೆ ಅದು ನನ್ನ ಜೊತೇಲೇ ಹೋಗ್ಲಿ. ಅವನ ಕಿವಿಗೆ ಬೀಳೋದು ಬೇಡ. ನೀನು ಓದು ಮಾ."

ಎರಡೇ ಪುಟ. ನಾನು ಅಭ್ಯಾಸಬಲದಿಂದ ಸೀದಾ ಕೊನೆಯ ಪ್ಯಾರಾಕ್ಕೆ ಹಾರಿದೆ. ನಮ್ಮ ಡಾಕ್ಟರುಗಳ ಚಾಳಿಯೇ ಅದು. ಏನು ಕಂಡಿತು ಎನ್ನುವುದನ್ನು ಬಿಟ್ಟು ಕೊನೆಯ ತೀರ್ಮಾನವನ್ನಷ್ಟೇ ಓದುತ್ತಾರೆ. ಗಟ್ಟಿಯಾಗಿ ಓದಿಯೂ ಬಿಟ್ಟೆ: ತೋಟದ ಗುಮಾಸ್ತನ ಮಾಹಿತಿಯಂತೆ ಶತ್ರುವಿನ ಟ್ಯಾಂಕುಗಳು ದಕ್ಷಿಣಕ್ಕೆ ಚಲಿಸುತ್ತಿವೆ, ಸೇತುವೆ ಉಳಿಸಿಕೊಳ್ಳುವುದು ಅಸಾಧ್ಯ.

ಅಜ್ಜಿ ಸೆರಗಿನ ಅಂಚನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. "ಸರಿ ಲಾ. ಕಾಫಿ ಕುಡೀತೀಯಾ?" ಎಂದು ಏಳಹೊರಟರು.

ನನ್ನ ಮೇಲೆ ನನಗೇ ಎಲ್ಲಿಲ್ಲದ ಸಿಟ್ಟು ಬಂತು. ಇದೇ ತಪ್ಪಿಗೆ ಎಷ್ಟು ವಿದ್ಯಾರ್ಥಿಗಳಿಗೆ ಮಂಗಳಾರತಿ ಎತ್ತಿದ್ದೇನೆ! "ಕಾಫಿ ಆಮೇಲೆ, ಕೂತ್ಕೊಳ್ಳಿ ಅಜ್ಜಿ" ಎಂದು ಗದರಿ ಮೊದಲ ಪುಟಕ್ಕೆ ಬಂದೆ. ಅಲ್ಲಿ ಗುಮಾಸ್ತರು ಹೇಳಿದ್ದನ್ನು ಹೇಳಿದಂತೆಯೇ ಅಧಿಕಾರಿ ಬರೆದುಕೊಂಡಿದ್ದರು: ಬೆಳಗಿನ ಮಂಜು ದಟ್ಟವಾಗಿತ್ತು. ರಸ್ತೆಯ ಕಡೆಯಿಂದ ಕಬ್ಬಿಣ ಉಜ್ಜುವ ಸದ್ದು, ಒಂದೇ ಸಮನೆ. ಎಂಜಿನ್ನಿನ ಸದ್ದು ಕೇಳಲಿಲ್ಲ. ವಾಹನ ಕಣ್ಣಿಗೆ ಕಾಣಲಿಲ್ಲ. ಏನೆಂದು ನಾನು ಹೇಳಲಾರೆ.

ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಪ್ರಾಮಾಣಿಕವಾದ ವರದಿ ಬರೆದಿಲ್ಲ. ಗುಮಾಸ್ತರ ಹೇಳಿಕೆಯಲ್ಲಿ ಟ್ಯಾಂಕಿನ ಸುದ್ದಿಯೇ ಇರಲಿಲ್ಲ. ಅದನ್ನು ಸೇರಿಸಿದ್ದು ಮೇಜಿನ ಮುಂದೆ ಕೂತು ತೀರ್ಮಾನ ಬರೆದ ಅಧಿಕಾರಿ.

"ಎಂಜಿನ್ ಸದ್ದಿಲ್ಲ ಅಂತ ಹೇಳಿದ್ರಾ ಅಪ್ಪ?"

"ಹೇಳಿದ್ರು ಅಜ್ಜಿ. ಇಲ್ಲೇ ಬರೆದಿದೆ."

ನನ್ನ ಕೈ ಹಿಡಿದುಕೊಂಡು ಅವರು ಅತ್ತರು. ನಾನೂ ಅತ್ತೆ, ಯಾವ ನಾಚಿಕೆಯೂ ಇಲ್ಲದೆ. ಆಮೇಲೆ ಅಜ್ಜಿ ಕಣ್ಣೊರೆಸಿಕೊಂಡು ಒಳಕೋಣೆಯಲ್ಲಿದ್ದ ಮೊಮ್ಮಗನನ್ನು ಕೂಗಿದರು.

"ಬಾ, ಕೂತ್ಕೊ. ನಿನ್ನ ಮುತ್ತಾತ ಏನು ಹೇಳಿದ್ರು ಅಂತ ಕೇಳು."

ಅವನು ಕುಳಿತ. ಅಜ್ಜಿ ನನ್ನ ಕಡೆ ತಿರುಗಿದರು. "ನೀನು ಈ ಸಲ ಮೊದಲ ಪುಟದಿಂದ ಓದು ಲಾ" ಎಂದರು.