ಹಾಡುವುದೇ ಬೇಡದ ಸಾಫ್ಟ್‌ವೇರ್

ಗೆಳತಿಯರೇ, ಇದನ್ನು ನಿಮಗೂ ಹೇಳದೆ ಬಿಡುವವಳಿದ್ದೆ. ಮನೆಯ ಕಂಪ್ಯೂಟರಿನಲ್ಲಿ ನನ್ನ ಹಾಡುಗಳಿಗೆ ಸಂಗೀತ ಕೂಡಿಸಲು ಕಲಿಯೋಣವೆಂದು ಇವತ್ತು ಗಂಡನ ಜೊತೆ ಸಿಂಧನೂರಿನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಎರಡು ಸಿ.ಡಿ. ತೋರಿಸಿದ.

“ಇದರಾಗ ಮೈಕ್ ಹಚ್ಚಿ ಹಾಡಬೇಕ್ರಿ ಅಕ್ಕಾರ. ಅದರಾಗ ಹಾಡೂದ ಬ್ಯಾಡ, ಮೌಸ್ ಒತ್ತಿದ್ರ ಹಾರ್ಮೋನಿಯಂ ಪೆಟಿಗಿ, ತಬಲಾ ತಾವ ನುಡೀತಾವ.”

ನಾನು ಮೊದಲನೆಯದಕ್ಕೆ ಕೈಚಾಚಿದೆ. ಇವರು ಎರಡನೆಯದನ್ನು ಎತ್ತಿಕೊಂಡರು.

“ಇದು ಸಾಕು. ಆಕಿ ಹಾಡಿದ್ರ ಓಣಿ ಮಂದಿ ಕಿಡಕ್ಯಾಗ ಬಂದು ನಿಂದರ್ತಾರ.”

“ಅಷ್ಟು ಚಲೋ ಹಾಡ್ತಾರೇನ್ರಿ?” ಎಂದ ಅಂಗಡಿಯವನು.

“ಹೂಂ. ಅದಕ್ಕ ಬ್ಯಾಡ ಅನ್ನಾಕತ್ತೀನಿ.”

ಮದುವೆಯಾದಾಗಿನಿಂದ ಇವರು ನನ್ನ ಕಂಠವನ್ನು ಮೆಚ್ಚಿದ್ದು ಇದೇ ಮೊದಲು. ಸಿಟ್ಟಾಗಬೇಕಿತ್ತೋ, ಥ್ಯಾಂಕ್ಸ್ ಹೇಳಬೇಕಿತ್ತೋ, ಇನ್ನೂ ತಿಳಿದಿಲ್ಲ. ಬರೆದರೆ ಓಣಿಗೆ ಕೇಳಿಸುವುದಿಲ್ಲವಲ್ಲ; ಇವತ್ತೇ ನಮ್ಮ ಇ-ಮೇಲ್ ಗುಂಪಿಗೆ ಹಾಕುತ್ತೇನೆ. — ೯ ಆಗಸ್ಟ್ ೧೯೯೯