ಮೂರು ಗಂಟಿನ ಕಟ್ಟು

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಡುಮನೆಗಿಂತ ಮಗ್ಗದ ಮನೆಯೇ ದೊಡ್ಡದು. ಅದರ ಅಟ್ಟದ ತುಂಬ ಅಪ್ಪನ ರಟ್ಟಿನ ಕಟ್ಟುಗಳು. ತೂತು ಹೊಡೆದ ಈ ರಟ್ಟುಗಳನ್ನು ಸಾಲಾಗಿ ಪೋಣಿಸಿ ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಗೆ ಏರಿಸಿದರೆ, ಯಾವ ಎಳೆ ಮೇಲೇಳಬೇಕು ಎಂಬುದನ್ನು ಆ ತೂತುಗಳೇ ಹೇಳುತ್ತವೆ. ಬಟ್ಟೆಯಲ್ಲಿ ಗಿಳಿ ಮೂಡುವುದು ಹಾಗೆ. ಒಂದು ಸೆರಗಿಗೆ ನೂರಾರು ರಟ್ಟು. ನನ್ನ ಕಣ್ಣಿಗೆ ಎಲ್ಲವೂ ಜರಡಿಯಂತೆ ಒಂದೇ.

ಜೋಡಿ ಗಿಳಿಯ ಸೆರಗು ಅಪ್ಪನದೇ ಕಲ್ಪನೆ. ಮೊದಲ ಸಲ ನೇಯ್ದಾಗ ಒಂದು ಗಿಳಿಯ ಕತ್ತು ಮುರಿದಂತೆ ಬಂತು. ತಿದ್ದಿ ಬೇರೆ ಕಟ್ಟು ಮಾಡಿದರು. ಕತ್ತು ಸರಿಹೋಗಿ ಕಣ್ಣು ಮಾಯವಾಯಿತು. ಮೂರನೆಯದರಲ್ಲಿ ಗಿಳಿಗಳು ಒಂದನ್ನೊಂದು ನೋಡಿದವು. "ಇದು ನಿನ್ನ ಮದ್ವೆ ಸೀರೇಗೆ ಕಣಮ್ಮ. ಅಲ್ಲೀವರ್ಗೂ ಯಾರ್ಗೂ ನೇಯಲ್ಲ" ಎಂದು ತಂಗಿಗೆ ಮಾತು ಕೊಟ್ಟು ಅಟ್ಟಕ್ಕೇರಿಸಿದರು. ಹಳೆಯವನ್ನು ಎಸೆಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಬರೆದಿಡುವುದೂ ಇರಲಿಲ್ಲ. ಕಟ್ಟಿನ ಮೂಲೆಗೊಂದು ದಾರ. ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಅವರಿಗೆ ಅಷ್ಟು ಸಾಕಿತ್ತು.

ತಂಗಿಯ ಮದುವೆ ಗೊತ್ತಾದ ವರ್ಷವೇ ಅಪ್ಪನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋದವು. ಆಯುಧಪೂಜೆ ನನ್ನ ಪಾಲಿಗೆ ಬಂತು. ಅಪ್ಪ ನೋಡಿ ಮೆಚ್ಚಲಿ ಎಂದು ಅಟ್ಟ ಗುಡಿಸಿದೆ, ಕಟ್ಟುಗಳನ್ನೆಲ್ಲ ಇಳಿಸಿ ಒರೆಸಿದೆ, ಎಣ್ಣೆ ಹತ್ತಿ ಕಪ್ಪಾಗಿದ್ದ ದಾರಗಳನ್ನು ಕತ್ತರಿಸಿ ಬಚ್ಚಲ ಒಲೆಗೆ ಹಾಕಿದೆ. ಹೊಸ ಅರಿಶಿನ ದಾರ ಕಟ್ಟಿ ಕುಂಕುಮವಿಟ್ಟೆ. ಗಂಟಿನ ವಿಷಯ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ಕೊಳೆ ಕಂಡಿತೇ ಹೊರತು ಗಂಟು ಕಾಣಲಿಲ್ಲ. ಇಷ್ಟು ಭಕ್ತಿಯಿಂದ ಮನೆ ಕೆಡಿಸಿದವನು ಊರಲ್ಲಿ ಇನ್ನೊಬ್ಬನಿರಲಾರ.

ಕಾರ್ತಿಕದಲ್ಲಿ ತಂಗಿಯ ಸೀರೆಗೆ ಮಗ್ಗದ ಮೇಲೆ ಉದ್ದೆಳೆಗಳ ಹಾಸು ಏರಿಸಿ ಅಟ್ಟ ಹತ್ತಿದೆ. ಮೊದಲ ರಟ್ಟಿನ ಮೇಲೆ ಅಪ್ಪ ಗೀಚಿದ್ದ ಗಿಳಿಯಿಂದ ಮೂರು ಕಟ್ಟುಗಳೇನೋ ಸಿಕ್ಕವು. ಮೂರಕ್ಕೂ ಅದೇ ಹಳದಿ ದಾರ.

ಅಪ್ಪನ ಮುಂದೆ ತಂದಿಟ್ಟೆ. ಎಡಗೈ ನೇರ ಮೂಲೆಗೇ ಹೋಯಿತು. ಬೆರಳು ದಾರ ಸವರಿತು, ಗಂಟಿಗಾಗಿ ತಡಕಾಡಿತು. ಎರಡನೆಯ ಕಟ್ಟು ಸವರಿದರು, ಮೂರನೆಯದನ್ನೂ ಸವರಿದರು. ಆಮೇಲೆ ನನ್ನ ಮುಖ ನೋಡಿದರು.

"ಪೂಜೇಗೆ ಅಂತ ಬದಲಾಯಿಸ್ಬಿಟ್ಟೆ ಅಪ್ಪಾ" ಎಂದೆ.

ಅವರ ಬಾಯಿಂದ ಹೊರಟದ್ದು ಮಾತಲ್ಲ. ಅಮ್ಮ ಸೆರಗಿನಿಂದ ಅವರ ಕಣ್ಣೊರೆಸಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಹಾಸಿನಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ಮೊಳ. ಒಂದು ಕಟ್ಟನ್ನು ಮಾತ್ರ ನೇಯ್ದು ನೋಡಬಹುದಿತ್ತು. ನೋಡಿದೆ: ಕಣ್ಣಿಲ್ಲದ ಗಿಳಿ. ಉಳಿದೆರಡನ್ನು ಎರಡು ದಿನ ಬೆಳಕಿಗೆ ಹಿಡಿದು ಹೋಲಿಸಿದೆ. ವ್ಯತ್ಯಾಸ ಕಂಡಿತು, ಯಾವುದು ಸರಿಯೆಂದು ತಿಳಿಯಲಿಲ್ಲ. ಅಪ್ಪನಿಗೆ ತೋರಿಸಿದರೆ ಕಣ್ಣು ನೀರಾಡಿ ರಟ್ಟು ಕೈಯಿಂದ ಜಾರುತ್ತಿತ್ತು. ತೂತು ಓದುವ ವಿದ್ಯೆಯನ್ನು ನಾನೆಂದೂ ಅವರಿಂದ ಕೇಳಿ ಕಲಿತಿರಲಿಲ್ಲ.

"ಯಾವ್ದಾದ್ರೂ ಹಾಕಣ್ಣ, ಎರಡೂ ಅಪ್ಪ ಮಾಡಿದ್ದೇ ತಾನೆ" ಎಂದಳು ತಂಗಿ. ದೇವರ ಮೇಲೆ ಭಾರ ಹಾಕಿ ಒಂದನ್ನು ಏರಿಸಿದೆ.

ಒಡಲು ಮುಗಿದು ಸೆರಗು ಬಂದಾಗ ಗಿಳಿಯ ಕತ್ತು ಮುರಿದಿತ್ತು. ಬಿಚ್ಚಹೋದರೆ ರೇಷ್ಮೆ ಎಳೆ ಹರಿಯುತ್ತದೆ. ಮದುವೆಗೆ ನಾಲ್ಕೇ ದಿನ. ಸರಿಯಾದ ಕಟ್ಟು ಯಾವುದೆಂದು ಈಗ ಗೊತ್ತಾಗಿತ್ತು; ಗೊತ್ತಾಗಿ ಏನು ಬಂತು!

ಧಾರೆಯ ಬೆಳಿಗ್ಗೆ ತಂಗಿ ಆ ಸೀರೆಯನ್ನೇ ಉಟ್ಟು ಅಪ್ಪನ ಕಾಲಿಗೆ ಬಿದ್ದಳು. ಅಪ್ಪ ಎಡಗೈಯಿಂದ ಸೆರಗು ಹಿಡಿದರು. ಹೆಬ್ಬೆರಳು ಗಿಳಿಯ ಬೆನ್ನ ಮೇಲೆ ಸರಿದು ಕತ್ತಿನ ಹತ್ತಿರ ನಿಂತಿತು. ಅಂಟಿದ ಕೊಳೆ ತೆಗೆಯುವವರಂತೆ ಅಲ್ಲಿ ಉಗುರಿನಿಂದ ಕೆರೆಯತೊಡಗಿದರು. ತಂಗಿ ಬಾಗಿಯೇ ಇದ್ದಳು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಕೂಗಿದರೂ ಅಪ್ಪ ಬಿಡಲಿಲ್ಲ. ಕೊನೆಗೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನೇ.